ಸೊನ್ನೆಯಲ್ಲಿ ಅಡಗಿದ್ದ ವಿಕಿರಣ

ಉಪಗ್ರಹ ಹಾರಿದ ದಿನ ದೊಡ್ಡ ಸುದ್ದಿಯಾಗುತ್ತದೆ. ಅದು ಕಳಿಸುವ ಅಂಕಿಗಳ ಮುಂದೆ ತಿಂಗಳುಗಟ್ಟಲೆ ಕೂರುವವರು ಸುದ್ದಿಯಾಗುವುದು ಅಪರೂಪ. ಈ ಕೆಲಸದಲ್ಲಿ ಇಂದಿಗೂ ವಿದ್ಯಾರ್ಥಿಗಳ ಪಾಲಿದೆ. ಈ ಪರಂಪರೆ ಬಾಹ್ಯಾಕಾಶ ಯುಗದಷ್ಟೇ ಹಳೆಯದು. ಭೂಮಿಯನ್ನು ಸುತ್ತುವರಿದ ವಿಕಿರಣ ಪಟ್ಟಿ ಮನುಷ್ಯನಿಗೆ ಗೊತ್ತಾದದ್ದರಲ್ಲಿಯೂ ಇಬ್ಬರು ವಿದ್ಯಾರ್ಥಿಗಳ ದುಡಿಮೆಯಿದೆ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ವ್ಯಾನ್ ಅಲೆನ್ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ವಿಶ್ವಕಿರಣಗಳ ಅಧ್ಯಯನ ಅವರ ಆಸಕ್ತಿ. ಅಮೆರಿಕದ ಮೊದಲ ಉಪಗ್ರಹಕ್ಕೆ ಬೇಕಾದ ವಿಶ್ವಕಿರಣ ಮಾಪಕವನ್ನು ರೂಪಿಸುವ ಹೊಣೆ ಅವರ ವಿದ್ಯಾರ್ಥಿ ಜಾರ್ಜ್ ಲಡ್ವಿಗ್ ಪಾಲಿಗೆ ಬಂತು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕಕ್ಕೆ ಅವಸರ ಹತ್ತಿತು. ಲಡ್ವಿಗ್ ಸಂಸಾರ ಸಮೇತ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಅಲ್ಲಿನ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ತಮ್ಮ ಉಪಕರಣವನ್ನು ಹೊಸ ಉಪಗ್ರಹಕ್ಕೆ ಹೊಂದಿಸಿದರು. 1958ರ ಜನವರಿ 31ರ ರಾತ್ರಿ ಎಕ್ಸ್‌ಪ್ಲೋರರ್-1 ಕಕ್ಷೆ ಸೇರಿತು.

ಅದರಲ್ಲಿದ್ದದ್ದು ಒಂದೇ ಒಂದು ಗೈಗರ್ ಕೊಳವೆ. ಸೆಕೆಂಡಿಗೆ ಸುಮಾರು 30 ಕಣಗಳು ಎಣಿಕೆಗೆ ಸಿಗಬಹುದೆಂಬ ಅಂದಾಜಿತ್ತು. ಕೆಳಗಿನ ಎತ್ತರಗಳಲ್ಲಿ ಹಾಗೆಯೇ ಸಿಕ್ಕಿತು. ಆದರೆ ದಕ್ಷಿಣ ಅಮೆರಿಕದ ಮೇಲೆ, ಕಕ್ಷೆಯ ಎತ್ತರದ ಭಾಗದಲ್ಲಿ, ಕೆಲವೊಮ್ಮೆ ಎಣಿಕೆ ಸೊನ್ನೆಗೆ ಇಳಿಯುತ್ತಿತ್ತು. ಉಪಗ್ರಹದಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ನೆಲದ ಕೇಂದ್ರವೊಂದರ ಮೇಲೆ ಹಾದುಹೋಗುವ ಕೆಲವು ನಿಮಿಷಗಳ ಮಾಹಿತಿಯಷ್ಟೇ ದಕ್ಕುತ್ತಿತ್ತು. ಉಪಕರಣ ಕೆಟ್ಟಿದೆಯೇ, ಅಲ್ಲಿ ಕಣಗಳೇ ಇಲ್ಲವೇ ಎಂಬುದು ಈ ತುಣುಕುಗಳಿಂದ ಬಗೆಹರಿಯಲಿಲ್ಲ.

ಮಾರ್ಚ್ 5ರಂದು ಹಾರಿಸಿದ ಎಕ್ಸ್‌ಪ್ಲೋರರ್-2 ಕಕ್ಷೆ ಸೇರಲಿಲ್ಲ. ಮಾರ್ಚ್ 26ರಂದು ಹಾರಿದ ಎಕ್ಸ್‌ಪ್ಲೋರರ್-3ರಲ್ಲಿ ಲಡ್ವಿಗ್ ತಯಾರಿಸಿದ ಪುಟ್ಟ ಟೇಪ್ ರೆಕಾರ್ಡರ್ ಇತ್ತು. ಸುಮಾರು ಎರಡು ಗಂಟೆಯ ಇಡೀ ಸುತ್ತಿನ ಎಣಿಕೆಯನ್ನು ಅದು ಸಂಗ್ರಹಿಸಿ, ನೆಲದಿಂದ ಆಜ್ಞೆ ಬಂದಾಗ ಕೆಲವೇ ಸೆಕೆಂಡುಗಳಲ್ಲಿ ಕಳಿಸಿಬಿಡುತ್ತಿತ್ತು. ಏಪ್ರಿಲ್ ಆರಂಭದಲ್ಲಿ ಅಂಥ ಒಂದು ಸುತ್ತಿನ ಮಾಹಿತಿ ವಾಷಿಂಗ್ಟನ್ನಿನಲ್ಲಿ ವ್ಯಾನ್ ಅಲೆನ್ ಕೈಸೇರಿತು. ಹೋಟೆಲ್ ಕೋಣೆಯಲ್ಲಿ ರಾತ್ರಿ ಕುಳಿತು ಅವರು ಗ್ರಾಫ್ ಹಾಳೆಯ ಮೇಲೆ ಅದನ್ನು ಗುರುತಿಸಿದರು. ಎಣಿಕೆ ಸಹಜವಾಗಿ ಶುರುವಾಗಿ, ಸರ್ರನೆ ಏರಿ, ಥಟ್ಟನೆ ಸೊನ್ನೆಯಾಗಿ, ಬಹಳ ಹೊತ್ತಿನ ಬಳಿಕ ಮತ್ತೆ ಏರಿ, ಸಹಜಕ್ಕೆ ಇಳಿದಿತ್ತು. ಕೆಟ್ಟ ಉಪಕರಣ ಹೀಗೆ ಕ್ರಮವಾಗಿ ಕೆಟ್ಟು, ಕ್ರಮವಾಗಿ ಸರಿಹೋಗುವುದಿಲ್ಲ.

ಅದೇ ವೇಳೆಗೆ ಅಯೋವಾದಲ್ಲಿ ಇನ್ನೊಬ್ಬ ವಿದ್ಯಾರ್ಥಿ ಕಾರ್ಲ್ ಮ್ಯಾಕಿಲ್ವೇನ್, ಉಪಗ್ರಹದಲ್ಲಿದ್ದಂಥದೇ ಕೊಳವೆಯನ್ನು ಎಕ್ಸ್-ರೇ ಯಂತ್ರದ ಮುಂದಿಟ್ಟು ಪರೀಕ್ಷಿಸಿದರು. ಕಿರಣ ಹೆಚ್ಚಿದಂತೆ ಎಣಿಕೆ ಏರಿತು. ಮಿತಿ ಮೀರಿದಾಗ ಸೊನ್ನೆಯಾಯಿತು. ಗೈಗರ್ ಕೊಳವೆ ಒಂದು ಕಣವನ್ನು ಎಣಿಸಿದ ಮೇಲೆ ಸಾವರಿಸಿಕೊಳ್ಳಲು ಕ್ಷಣಾಂಶ ಬಿಡುವು ಬೇಕು. ಕಣಗಳು ಎಡೆಬಿಡದೆ ನುಗ್ಗಿದರೆ ಅದರಿಂದ ಹೊರಡುವ ಮಿಡಿತ ಎಣಿಕೆಗೆ ಸಾಲದಷ್ಟು ಕ್ಷೀಣವಾಗುತ್ತದೆ. ಜಾತ್ರೆಯ ಬಾಗಿಲಲ್ಲಿ ಜನ ಒಮ್ಮೆಲೇ ನುಗ್ಗಿದರೆ ಟಿಕೆಟ್ ಹರಿಯುವವನ ಕೈಯೇ ಆಡದು. ಅವನ ಲೆಕ್ಕ ನೋಡಿದವರು ಜಾತ್ರೆಗೆ ಯಾರೂ ಬರಲಿಲ್ಲವೆಂದುಕೊಂಡಾರು. ಉಪಗ್ರಹ ತೋರಿದ ಸೊನ್ನೆಯ ಅರ್ಥವೂ ಇದೇ. ಅಲ್ಲಿದ್ದದ್ದು ನಿರೀಕ್ಷೆಯ ಸಾವಿರ ಪಟ್ಟು ಮೀರಿದ ವಿಕಿರಣ. ಭೂಮಿಯ ಕಾಂತಕ್ಷೇತ್ರ ವಿದ್ಯುದಾವೇಶವುಳ್ಳ ಕಣಗಳನ್ನು ಸೆರೆಹಿಡಿದಿತ್ತು.

1958ರ ಮೇ 1ರಂದು ವಾಷಿಂಗ್ಟನ್ನಿನಲ್ಲಿ ಈ ಶೋಧ ಪ್ರಕಟವಾಯಿತು. 1957ರ ನವೆಂಬರ್‌ನಲ್ಲಿ ಹಾರಿದ ಸ್ಪುಟ್ನಿಕ್-2ರಲ್ಲಿಯೂ ಸೋವಿಯತ್ ವಿಜ್ಞಾನಿ ಸೆರ್ಗೆ ವೆರ್ನೊವ್ ಅವರ ಕಣಮಾಪಕವಿತ್ತು. ಆದರೆ ತಮ್ಮ ನೆಲದ ಮೇಲೆ ಅದು ಕೆಳಮಟ್ಟದಲ್ಲಿ ಹಾಯುವಾಗಿನ ಮಾಹಿತಿಯಷ್ಟೇ ಅವರಿಗೆ ದೊರೆಯುತ್ತಿತ್ತು. ಎತ್ತರದ ಭಾಗದ ಸಂಕೇತಗಳನ್ನು ಆಸ್ಟ್ರೇಲಿಯಾದವರು ದಾಖಲಿಸಿಕೊಂಡಿದ್ದರೂ ಅದನ್ನು ಬಿಡಿಸುವ ಕೀಲಿ ಅವರ ಬಳಿ ಇರಲಿಲ್ಲ. ಮಾಹಿತಿ ಒಂದು ಕಡೆ, ಅದರ ಅರ್ಥ ಇನ್ನೊಂದು ಕಡೆ ಉಳಿದು ಶೋಧ ಕೈತಪ್ಪಿತು.

ಪಟ್ಟಿಗಳಿಗೆ ಗುರುವಿನ ಹೆಸರು ನಿಂತಿತು. ಆದರೆ ಮೊದಲ ಪ್ರಬಂಧದಲ್ಲಿ ವ್ಯಾನ್ ಅಲೆನ್ ಜೊತೆಗೆ ಲಡ್ವಿಗ್, ಅರ್ನೆಸ್ಟ್ ರೇ, ಮ್ಯಾಕಿಲ್ವೇನ್ ಹೆಸರುಗಳೂ ಇವೆ. ಗುರು, ಶನಿ, ಯುರೇನಸ್, ನೆಪ್ಚೂನ್‌ಗಳ ಸುತ್ತಲೂ ಇಂಥ ಪಟ್ಟಿಗಳಿರುವುದು ಮುಂದೆ ತಿಳಿಯಿತು. ಇಂದು ಉಪಗ್ರಹ ಕಟ್ಟುವವರು ಅದರ ವಿದ್ಯುನ್ಮಾನ ಭಾಗಗಳನ್ನು ಈ ವಿಕಿರಣದಿಂದ ಕಾಪಾಡಲು ಮೊದಲೇ ಲೆಕ್ಕ ಹಾಕುತ್ತಾರೆ.

ಇಂದು ಮಾಹಿತಿಗೆ ಕೊರತೆಯಿಲ್ಲ. ಬೆಂಗಳೂರಿಗೆ ಸಮೀಪದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರ, 2023ರಲ್ಲಿ ಹಾರಿದ ಆದಿತ್ಯ-ಎಲ್1 ಕಳಿಸಿದ ಅಂಕಿಗಳನ್ನು ಸಾರ್ವಜನಿಕರಿಗೂ ತೆರೆದಿಟ್ಟಿದೆ. ಕಾಲೇಜಿನ ವಿದ್ಯಾರ್ಥಿಯೂ ಅವನ್ನು ಪಡೆದು ಪರಿಶೀಲಿಸಬಹುದು. ಆದರೆ ಅಂಕಿ ಕೈಗೆ ಬಂದ ಮೇಲೆ ಮ್ಯಾಕಿಲ್ವೇನ್ ಮಾಡಿದ ಕೆಲಸ ಬಾಕಿ ಉಳಿಯುತ್ತದೆ: ಕಂಡ ಸೊನ್ನೆ ಆಕಾಶದ್ದೋ, ಉಪಕರಣದ್ದೋ ಎಂದು ಒರೆಹಚ್ಚಿ ನೋಡುವುದು.