ಬಾಲ್ಕ್ ತೀರ್ಪಿನಲ್ಲಿ ಪಿಚರ್‌ನ ಉದ್ದೇಶಕ್ಕೆ ಎಷ್ಟು ಜಾಗ?

ಬೇಸ್‌ಬಾಲ್‌ನಲ್ಲಿ ರನ್ನರ್ ಬೇಸ್ ಮೇಲಿರುವಾಗ ಪಿಚರ್ ನಿಯಮಬಾಹಿರವಾಗಿ ಅಲುಗಿದರೆ ಅದು ಬಾಲ್ಕ್. ಆಗ ರನ್ನರುಗಳೆಲ್ಲ ಒಂದೊಂದು ಬೇಸ್ ಮುಂದಕ್ಕೆ ಹೋಗುತ್ತಾರೆ. ಪಿಚರ್ ಸುಳ್ಳು ಸನ್ನೆ ತೋರಿಸಿ ರನ್ನರನನ್ನು ವಂಚಿಸಬಾರದು ಎಂಬುದೇ ಈ ನಿಯಮದ ಮೂಲ. ಹೀಗಾಗಿ ವಂಚಿಸುವ ಉದ್ದೇಶವಿಲ್ಲದಿದ್ದರೆ ಬಾಲ್ಕ್ ಕೊಡಬಾರದು ಎಂದು ಅಭಿಮಾನಿಗಳು ವಾದಿಸುವುದುಂಟು. ನಿಯಮದ ಪಠ್ಯವನ್ನೂ ಕೆಲವು ಪ್ರಸಿದ್ಧ ತೀರ್ಪುಗಳನ್ನೂ ಒಟ್ಟಿಗೆ ಇಟ್ಟು ನೋಡಿದರೆ ಈ ವಾದ ನಿಲ್ಲುವುದಿಲ್ಲ.

1961ರ ಜುಲೈ 11ರಂದು ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಆಲ್ ಸ್ಟಾರ್ ಪಂದ್ಯ. ಒಂಬತ್ತನೆಯ ಇನಿಂಗ್ಸ್, ಮೊದಲ ಮತ್ತು ಎರಡನೆಯ ಬೇಸ್‌ಗಳಲ್ಲಿ ರನ್ನರುಗಳು. ಪಿಚರ್ ಸ್ಟು ಮಿಲ್ಲರ್ ಚೆಂಡು ಹಿಡಿದು ನಿಶ್ಚಲನಾಗಿ ನಿಂತಿದ್ದಾಗ ಬಿರುಗಾಳಿ ಬೀಸಿತು, ಮೈ ತುಸು ಓಲಾಡಿತು. ಬಾಲ್ಕ್! ಇಬ್ಬರೂ ರನ್ನರುಗಳು ಮುಂದೆ ಸರಿದರು, ಬಳಿಕ ಫೀಲ್ಡಿಂಗ್ ತಪ್ಪಿನಿಂದ ಸ್ಕೋರ್ ಸಮವಾಯಿತು. ಗಾಳಿಯೇ ಮಿಲ್ಲರನನ್ನು ದಿಬ್ಬದಿಂದ ಹಾರಿಸಿತು ಎಂದು ಪತ್ರಿಕೆಗಳು ಬರೆದವು. ತಾನು ಓಲಾಡಿದ್ದು ಅಷ್ಟಿಷ್ಟೇ ಎಂದು ಆತ ಮುಂದೆಯೂ ಹೇಳುತ್ತ ಬಂದ. ಇಲ್ಲಿ ವಂಚನೆಯ ಸುಳಿವೂ ಇಲ್ಲ. ಆದರೂ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ನಿಶ್ಚಲತೆ ಮುರಿದದ್ದು ಅಂಪೈರ್ ಕಣ್ಣಿಗೆ ಬಿದ್ದಿತ್ತು. (ಹತ್ತನೆಯ ಇನಿಂಗ್ಸ್‌ನಲ್ಲಿ ನ್ಯಾಷನಲ್ ಲೀಗ್ 5-4ರಿಂದ ಗೆದ್ದಾಗ ಗೆಲುವು ದಾಖಲಾದದ್ದು ಮಿಲ್ಲರನ ಹೆಸರಿಗೇ.)

ಈಗಿನ ಬೇಸ್‌ಬಾಲ್ ನಿಯಮ ಸಂಹಿತೆಯ 6.02(ಎ) ಬಾಲ್ಕ್‌ನ 13 ಸಂದರ್ಭಗಳನ್ನು ಹೇಳುತ್ತದೆ. ರಬ್ಬರ್ ಪಟ್ಟಿಯ ಮೇಲೆ ಕಾಲಿಟ್ಟ ಪಿಚರ್‌ನ ಕೈಯಿಂದ ಚೆಂಡು ಜಾರಿದರೆ ಬಾಲ್ಕ್. ಬೇಕೆಂದು ಬೀಳಿಸಿದ್ದೋ ತಾನಾಗಿ ಬಿದ್ದದ್ದೋ ಎಂಬ ಭೇದವಿಲ್ಲ. ಎಸೆಯುವ ಚಲನೆ ಆರಂಭಿಸಿ ಎಸೆಯದಿದ್ದರೂ ಬಾಲ್ಕ್. ಉದ್ದೇಶದ ಮಾತು ಬರುವುದು ಈ ಸಂದರ್ಭಗಳ ಪಟ್ಟಿ ಮುಗಿದ ಮೇಲಿನ ವಿವರಣೆಯಲ್ಲಿ, ಅದೂ ಅಂಪೈರ್‌ಗೆ ಸಂದೇಹ ಬಂದಾಗ ಮಾತ್ರ. ಚೆಂಡಿಲ್ಲದೆ ರಬ್ಬರ್ ಪಟ್ಟಿಯ ಎರಡೂ ಬದಿಗೆ ಕಾಲಿಟ್ಟು ನಿಂತರೆ ಅದನ್ನೇ ವಂಚನೆಯ ಉದ್ದೇಶವೆಂದು ತಿಳಿಯಬೇಕು ಎಂದೂ ಆ ವಿವರಣೆ ಹೇಳುತ್ತದೆ. ಅಂದರೆ ಉದ್ದೇಶವನ್ನೂ ಓದಬೇಕಾದದ್ದು ಮೈಯ ಭಂಗಿಯಿಂದಲೇ.

2019ರ ಜೂನ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಕೆನ್ಲಿ ಜಾನ್ಸನ್ ಇದನ್ನು ಇನ್ನೊಂದು ದಿಕ್ಕಿನಿಂದ ತೋರಿಸಿಕೊಟ್ಟ. ಎರಡನೆಯ ಬೇಸ್‌ನಲ್ಲಿದ್ದ ಕಬ್ಸ್ ರನ್ನರ್ ಕ್ಯಾಚರ್‌ನ ಸಂಕೇತಗಳನ್ನು ಬ್ಯಾಟರ್‌ಗೆ ದಾಟಿಸಬಹುದೆಂದು, ಎಲ್ಲರೂ ನೋಡುತ್ತಿರುವಂತೆಯೇ ಬಾಲ್ಕ್ ಮಾಡಿ ಆತನನ್ನು ಮೂರನೆಯ ಬೇಸ್‌ಗೆ ಕಳಿಸಿದ. ರನ್ನರ್ ಮೋಸಹೋಗಲಿಲ್ಲ, ಅವನಿಗೆ ಲಾಭವೇ ಆಯಿತು. ಬಾಲ್ಕ್ ಮಾತ್ರ ಬಾಲ್ಕೇ.

ಕಷ್ಟವಿರುವುದು ‘ನಿಂತನೋ ಇಲ್ಲವೋ’ ಎಂಬಲ್ಲಿ. ಸೆಟ್ ಪೊಸಿಶನ್‌ನಲ್ಲಿ ಎರಡು ಕೈಗಳೂ ಕೂಡಿದ ಮೇಲೆ ಪಿಚರ್ ಪೂರ್ಣವಾಗಿ ನಿಲ್ಲಬೇಕು, ಆದರೆ ಎಷ್ಟು ಹೊತ್ತು ಎಂದು ನಿಯಮ ಹೇಳುವುದಿಲ್ಲ. ಕ್ರಿಕೆಟ್‌ನಲ್ಲಿ ಬೌಲರ್ ಮೊಣಕೈಗೆ 15 ಡಿಗ್ರಿಯ ಮಿತಿಯಿದೆ. ಇಲ್ಲಿ ಅಂಥ ಅಂಕಿಯಿಲ್ಲ. 1988ರಲ್ಲಿ ಮೇಜರ್ ಲೀಗ್ ಈ ಷರತ್ತನ್ನು ಬಿಗಿ ಮಾಡಿ, ನಿಲುಗಡೆ ಸ್ಪಷ್ಟವಾಗಿ ಕಾಣಬೇಕು, ಎರಡೂ ಪಾದ ನೆಲದ ಮೇಲಿರಬೇಕು ಎಂದಿತು. ಹಿಂದಿನ ವರ್ಷ 356 ಇದ್ದ ಬಾಲ್ಕ್‌ಗಳು 924ಕ್ಕೆ ಜಿಗಿದವು. ಓಕ್ಲೆಂಡ್‌ನ ಡೇವ್ ಸ್ಟುವರ್ಟ್ ಒಬ್ಬನಿಗೇ 16. ಮರುವರ್ಷ ಆ ಬದಲಾವಣೆಯನ್ನು ಕೈಬಿಡಲಾಯಿತು. ಒಂದೇ ಚಳಿಗಾಲದಲ್ಲಿ ಪಿಚರ್‌ಗಳೆಲ್ಲ ವಂಚಕರಾದರೆಂದು ಯಾರೂ ನಂಬಲಾರರು. ಬದಲಾದದ್ದು ಅಂಪೈರ್ ಏನನ್ನು ನೋಡಬೇಕು ಎಂಬುದಷ್ಟೇ.

ಹಾಗಾದರೆ ಉದ್ದೇಶಕ್ಕೆ ಬೆಲೆಯೇ ಇಲ್ಲವೇ? ಇದೆ, ನಿಂತನೋ ಇಲ್ಲವೋ ಎಂಬ ಸಂದೇಹದ ಈ ಕಿರಿದಾದ ಜಾಗದಲ್ಲಿ ಮಾತ್ರ. 2022ರ ಸೆಪ್ಟೆಂಬರ್ 27ರಂದು ಮಯಾಮಿಯ ರಿಚರ್ಡ್ ಬ್ಲೈಯರ್ ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಒಬ್ಬನೇ ಬ್ಯಾಟರ್ ಎದುರಿಗೆ ಮೂರು ಬಾಲ್ಕ್ ಪಡೆದ, ಸರಿಯಾಗಿ ನಿಲ್ಲಲಿಲ್ಲವೆಂಬ ಕಾರಣಕ್ಕೆ. ಮೊದಲ ಬೇಸ್‌ನಲ್ಲಿದ್ದ ರನ್ನರ್ ಅಷ್ಟರಿಂದಲೇ ರನ್ ಗಳಿಸಿದ. ಮೇಜರ್ ಲೀಗ್‌ನಲ್ಲಿ ಅಲ್ಲಿಯವರೆಗೆ ಬ್ಲೈಯರ್ ಹೆಸರಿನಲ್ಲಿ ಒಂದೂ ಬಾಲ್ಕ್ ಇರಲಿಲ್ಲ. ಆತನ ನಿಲುಗಡೆ ಚಿಕ್ಕದು, ನಿಜ. ಆದರೆ ನಿಂತಿಲ್ಲ ಎಂದು ಖಚಿತವಾಗಿ ಹೇಳುವಂತಿರಲಿಲ್ಲ. ಸಂದೇಹವಿದ್ದಾಗ ಉದ್ದೇಶವನ್ನು ನೋಡಿ ಎಂಬ ವಿವರಣೆ ಇರುವುದೇ ಇಂಥ ಗಳಿಗೆಗಾಗಿ. ಮಿಲ್ಲರನ ಬಾಲ್ಕ್ ಅನ್ನು ಒಪ್ಪುವ ನಾನು ಬ್ಲೈಯರನ ಮೂರನ್ನೂ ಒಪ್ಪಲಾರೆ.