ಫ್ರೆಡರಿಕ್ ದೊರೆಗೆ ಮುಖ ಕೊಟ್ಟ ಮೂಕಿ ಚಿತ್ರ

ಇವತ್ತಿನ ಮಾತನ್ನ ಆಲೂಗಡ್ಡೆಯಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ ಆನ್‌ಸೈಟ್ ಕೆಲಸಕ್ಕೆ ಅಂತ ಆರು ವಾರ ಬರ್ಲಿನ್‌ನಲ್ಲಿದ್ದೆ. ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿರೋ ಜೀವನವೇ. ವಾರವಿಡೀ ರಿಲೀಸ್ ಗಡಿಬಿಡಿ, ಭಾನುವಾರ ಅಂಗಡಿಗಳೆಲ್ಲ ಬಂದ್, ರೂಮಲ್ಲಿ ಊರಿಂದ ತಂದ ಬಿಸಿಬೇಳೆಬಾತ್ ಪ್ಯಾಕೆಟ್. ಅಂಥ ಒಂದು ಭಾನುವಾರ ಲೋಕಲ್ ರೈಲು ಹತ್ತಿ ಪಾಟ್ಸ್‌ಡಾಮ್‌ಗೆ ಹೋದೆ. ಅಲ್ಲಿ ದ್ರಾಕ್ಷಿ ಬೆಳೆಸಿದ ಮೆಟ್ಟಿಲು ಮೆಟ್ಟಿಲಾದ ದಿಬ್ಬದ ಮೇಲೆ ಸಾನ್‌ಸುಸಿ ಅನ್ನೋ ಪುಟ್ಟ ಅರಮನೆ ಇದೆ. ಪಕ್ಕದ ಹುಲ್ಲಿನಲ್ಲಿ ಒಂದು ಸಾದಾ ಕಲ್ಲು ಚಪ್ಪಡಿ. ಮೇಲೆ ಒಂದಷ್ಟು ಹಸಿ ಆಲೂಗಡ್ಡೆ! ಯಾರೋ ತರಕಾರಿ ಚೀಲ ಮರೆತು ಹೋಗಿದ್ದಾರೆ ಅಂದ್ಕೊಂಡೆ. ಆಮೇಲೆ ತಿಳೀತು, ಅದು ಪ್ರಷ್ಯಾದ ದೊರೆ ಎರಡನೇ ಫ್ರೆಡರಿಕ್‌ನ ಸಮಾಧಿ. ರೈತರು ಆಲೂಗಡ್ಡೆ ಬೆಳೀಬೇಕು ಅಂತ 1756ರಲ್ಲಿ ಆಜ್ಞೆ ಹೊರಡಿಸಿದವನು ಅವನು. ಅದಕ್ಕೇ ಜನ ಇವತ್ತಿಗೂ ಹೂವಿನ ಬದಲು ಗಡ್ಡೆ ಇಟ್ಟು ಹೋಗ್ತಾರೆ. ಪಕ್ಕದಲ್ಲಿರೋ ಸಣ್ಣ ಚಪ್ಪಡಿಗಳು ಅವನ ನಾಯಿಗಳದ್ದು.

ಆಲೂಗಡ್ಡೆ, ನಾಯಿ, ಕೊಳಲು. ಈ ಮನುಷ್ಯನ ಬಗ್ಗೆ ಜರ್ಮನಿ ಎರಡು ಶತಮಾನ ಜಗಳ ಆಡಿದ್ದು ಯಾಕೆ ಅಂತ ಹುಡುಕ್ತಾ ಹೋದಾಗ ನಾನು ಬಂದು ನಿಂತಿದ್ದು ಒಂದು ಮೂಕಿ ಚಿತ್ರದ ಮುಂದೆ. ಹೆಸರು ‘ಫ್ರೀಡೆರಿಕುಸ್ ರೆಕ್ಸ್’, ಅಂದ್ರೆ ಫ್ರೆಡರಿಕ್ ದೊರೆ. ನಾಲ್ಕು ಭಾಗ. ಮೊದಲೆರಡು 1922ರ ಜನವರಿಯಲ್ಲಿ ಬರ್ಲಿನ್‌ನಲ್ಲಿ ತೆರೆ ಕಂಡವು, ಇನ್ನೆರಡು 1923ರಲ್ಲಿ. ನಿರ್ದೇಶಕ ಹಂಗೇರಿ ಮೂಲದ ಆರ್ಜೆನ್ ಫೋನ್ ಚೆರೆಪಿ.

ಮೊದಲು ಇಸವಿ ಗಮನಿಸಿ. 1918ರ ನವೆಂಬರ್‌ನಲ್ಲಿ ಜರ್ಮನಿ ಮಹಾಯುದ್ಧ ಸೋತು, ಕೈಸರ್ ಹಾಲೆಂಡ್‌ಗೆ ಓಡಿಹೋಗಿ, ದೇಶ ಗಣರಾಜ್ಯ ಆಗಿತ್ತು. ಓಡಿಹೋದ ಕೈಸರ್ ಇದೇ ಫ್ರೆಡರಿಕ್‌ನ ಮನೆತನದವನು, ಹೊಹೆನ್‌ಝೋಲರ್ನ್. ರಾಜರನ್ನ ಕಳಿಸಿ ಇನ್ನೂ ನಾಲ್ಕು ವರ್ಷ ತುಂಬಿಲ್ಲ, ಅಷ್ಟರಲ್ಲಿ ಆ ವಂಶದ ಅತಿ ದೊಡ್ಡ ರಾಜ ಬೆಳ್ಳಿತೆರೆ ಮೇಲೆ ವಾಪಸ್ ಬಂದ.

ಕಥೆ ಸುಳ್ಳಲ್ಲ. ನಿಜವಾಗಿ ನಡೆದದ್ದೇ ಸಿನಿಮಾಕ್ಕಿಂತ ಭೀಕರ. ಅಪ್ಪ ಒಂದನೇ ಫ್ರೆಡರಿಕ್ ವಿಲ್‌ಹೆಲ್ಮ್‌ಗೆ ಸೈನ್ಯ ಬಿಟ್ಟು ಬೇರೆ ಲೋಕವಿಲ್ಲ. ಎತ್ತರದ ಸಿಪಾಯಿಗಳನ್ನ ಹುಡುಕಿ ತರಿಸಿ ಸಾಲಾಗಿ ನಿಲ್ಲಿಸೋದೇ ಹುಚ್ಚು. ಮಗನಿಗೆ ಕೊಳಲು, ಫ್ರೆಂಚ್ ಪುಸ್ತಕ. ಅದಕ್ಕೆ ಎಲ್ಲರ ಎದುರೇ ಹೊಡೀತಿದ್ದ. 1730ರಲ್ಲಿ, 18ನೇ ವಯಸ್ಸಲ್ಲಿ, ಹುಡುಗ ಇಂಗ್ಲೆಂಡ್‌ಗೆ ಓಡಿಹೋಗೋಕೆ ನೋಡಿ ಸಿಕ್ಕಿಬಿದ್ದ. ಜೊತೆಗಿದ್ದ ಗೆಳೆಯ, ಲೆಫ್ಟಿನೆಂಟ್ ಹಾನ್ಸ್ ಹೆರ್ಮಾನ್ ಫೋನ್ ಕಾಟ್ಟೆ. ಮಿಲಿಟರಿ ಕೋರ್ಟು ಕಾಟ್ಟೆಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ದೊರೆ ಅದನ್ನ ತಿದ್ದಿ ಮರಣದಂಡನೆ ಮಾಡಿದ. ನವೆಂಬರ್ 6ರ ಬೆಳಗ್ಗೆ ಕ್ಯೂಸ್ಟ್ರಿನ್ ಕೋಟೆಯಲ್ಲಿ ಕತ್ತಿಯಿಂದ ತಲೆ ಕಡಿದರು. ಸೆರೆಯಲ್ಲಿದ್ದ ಮಗ ಅದನ್ನ ಕಿಟಕಿಯಿಂದ ನೋಡಬೇಕು ಅಂತ ಅಪ್ಪನ ಅಪ್ಪಣೆ.

ಆಮೇಲೆ ಹುಡುಗ ಬಗ್ಗಿದ. ಕ್ಷಮೆ ಕೇಳಿದ, ಅದೇ ಊರಲ್ಲಿ ಕಚೇರಿ ಕಡತ ಕಲಿತ, ಅಪ್ಪ ತೋರಿಸಿದ ಹೆಣ್ಣನ್ನೇ ಮದುವೆಯಾದ. 1740ರಲ್ಲಿ ಪಟ್ಟಕ್ಕೆ ಬಂದ.

ಇದನ್ನ ನೀವು ಹೇಗೆ ಓದ್ತೀರಿ? ನನಗಂತೂ ಒಬ್ಬ ಹುಡುಗನ ಮನಸ್ಸು ಮುರಿದ ಕಥೆ. ಚಿತ್ರ ಇದನ್ನ ಶಿಕ್ಷಣದ ಕಥೆಯಾಗಿ ಹೇಳುತ್ತೆ: ಅಪ್ಪ ಒರಟ, ನಿಜ, ಆದರೆ ಅವನು ಬಗ್ಗಿಸಿದ್ದರಿಂದಲೇ ಮಗ ಮಹಾರಾಜನಾದ. ಹಾನ್ಸು-ಗೀನ್ಸು ಅಂತ ಒಬ್ಬ ಗೆಳೆಯ ಸತ್ತರೆ ಏನಾಯ್ತು, ದೇಶ ಉಳೀತಲ್ಲ! ಜರ್ಮನ್ ಲೇಖಕ ಸೀಗ್‌ಫ್ರೀಡ್ ಕ್ರಾಕವರ್ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ಮೇಲೆ, 1947ರಲ್ಲಿ ‘ಕಾಲಿಗರಿಯಿಂದ ಹಿಟ್ಲರ್‌ವರೆಗೆ’ ಅನ್ನೋ ಪುಸ್ತಕದಲ್ಲಿ ಈ ಗಂಟನ್ನೇ ಹಿಡಿದ. ದಂಗೆ ಎದ್ದು, ಆಮೇಲೆ ಶರಣಾಗೋದು. ಫ್ರೆಡರಿಕ್ ಚಿತ್ರಗಳೆಲ್ಲ ನೋಡುಗನಿಗೆ ಇದನ್ನೇ ಅಭ್ಯಾಸ ಮಾಡಿಸಿದವು ಅನ್ನೋದು ಅವನ ವಾದ. 1918ರಲ್ಲಿ ದಂಗೆ ಎದ್ದಿದ್ದ ಜನಕ್ಕೇ ಈ ಪಾಠ ಅಂತ ನೆನಪಿಟ್ಟುಕೊಳ್ಳಿ.

ಕ್ರಾಕವರ್ ಹೇಳಿದ್ದನ್ನ ಪೂರ್ತಿ ಒಪ್ಪೋಕೆ ನನಗೆ ಸ್ವಲ್ಪ ಕಷ್ಟ. 1933 ನೋಡಿದವನು ತಿರುಗಿ 1922 ನೋಡಿದ್ರೆ ದಾರಿ ನೇರವಾಗಿ ಕಾಣುತ್ತೆ. ಅವತ್ತು ಟಿಕೆಟ್ ತಗೊಂಡು ಕೂತವರಿಗೆ ಮುಂದಿನದು ಗೊತ್ತಿರಲಿಲ್ಲ. ಹಣ ಕರಗ್ತಾ ಇತ್ತು, ಮನೇಲಿ ಯುದ್ಧದಲ್ಲಿ ಸತ್ತ ಮಗನ ಫೋಟೋ ಇತ್ತು. ಕೊಂಚ ಹೊತ್ತು ಯೂನಿಫಾರ್ಮು, ಕುದುರೆ, ಗೆಲುವು ನೋಡೋಣ ಅಂತ ಬಂದವರೇ ಬಹಳ. ಅವರನ್ನೆಲ್ಲ ಖಳರು ಅನ್ನೋಕೆ ನನಗೆ ಬಾಯಿ ಬರಲ್ಲ.

ಆದರೆ ಅವತ್ತೇ ಎಚ್ಚರಿಸಿದವರೂ ಇದ್ದರು. ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಪತ್ರಿಕೆ ‘ಫೊರ್ವೆರ್ಟ್ಸ್’ ಮತ್ತಿತರ ಎಡಪಂಥೀಯ ಪತ್ರಿಕೆಗಳು ಚಿತ್ರ ಬಹಿಷ್ಕರಿಸಿ ಅಂತ ಕರೆ ಕೊಟ್ಟವು. ಪ್ರತಿಭಟನೆ ಆಯ್ತು. ಚಿತ್ರ ಮಾತ್ರ ಭರ್ಜರಿ ಓಡಿತು. ಹೆಸರಿಗೆ ಮೂಕಿ, ಆದರೆ ಥಿಯೇಟರ್ ಮೂಕವಾಗಿರಲಿಲ್ಲ, ವಾದ್ಯವೃಂದ ಪ್ರಷ್ಯಾದ ಹಳೇ ಕವಾಯತು ರಾಗಗಳನ್ನ ನುಡಿಸ್ತಿತ್ತು. ಪರದೆ ಮೇಲೆ ರೆಜಿಮೆಂಟುಗಳು ನಡೆದಾಗ ಸಭಾಂಗಣ ಚಪ್ಪಾಳೆಯಿಂದ ತುಂಬ್ತಿತ್ತು. ಸೋತ ಸೈನ್ಯಕ್ಕೆ ಬೀದಿಯಲ್ಲಿ ಸಿಗದ ಚಪ್ಪಾಳೆ ಅದು. ಇದೇ 1922ರ ಜೂನ್ 24ಕ್ಕೆ ಗಣರಾಜ್ಯದ ವಿದೇಶಾಂಗ ಮಂತ್ರಿ, ಯಹೂದಿ ಸಮುದಾಯದ ವಾಲ್ಟರ್ ರಾಥೆನೌ ಅವರನ್ನ ಬಲಪಂಥೀಯ ಯುವಕರು ಬರ್ಲಿನ್‌ನ ನಡುಬೀದಿಯಲ್ಲಿ ಗುಂಡಿಟ್ಟು ಕೊಂದರು. ಸಿನಿಮಾದಿಂದ ಕೊಲೆ ಆಯ್ತು ಅಂತ ನಾನು ಹೇಳ್ತಿಲ್ಲ. ಗಾಳಿ ಹೇಗಿತ್ತು ಅಂತ ಹೇಳ್ತಿದ್ದೀನಿ.

ಈಗ ನಟನ ವಿಷಯ. ಓಟ್ಟೊ ಗೆಬ್ಯೂರ್. ಚಿತ್ರ ಬಂದಾಗ ಅವನಿಗೆ 44 ವರ್ಷ. 18ರ ಯುವರಾಜನೂ ಅವನೇ! (ನಗಬೇಡಿ, ನಮ್ಮ ಹೀರೋಗಳು ಯಾವ ವಯಸ್ಸಿಗೆ ಕಾಲೇಜಿಗೆ ಹೋಗ್ತಾರೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು.) ಆದರೆ ಆ ದೊಡ್ಡ ಕಣ್ಣು, ಚೂಪು ಮೂಗು, ಸ್ವಲ್ಪ ಬಾಗಿದ ನಡಿಗೆ ಜನರಿಗೆ ಎಷ್ಟು ಹಿಡಿಸಿತು ಅಂದ್ರೆ ಮುಂದಿನ 20 ವರ್ಷ ಅವನು ಹತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ಅದೇ ದೊರೆ ಆದ. ಕಣ್ಣು ಮುಚ್ಚಿ ಕೃಷ್ಣದೇವರಾಯ ಅಂದ್ಕೊಳ್ಳಿ. ಹಂಪಿಯ ಕಲ್ಲು ಬರುತ್ತೋ, 1970ರ ಚಿತ್ರದ ರಾಜ್‌ಕುಮಾರ್ ಮುಖ ಬರುತ್ತೋ? ನನಗಂತೂ ಅಣ್ಣಾವ್ರೇ. ಜರ್ಮನ್ನರಿಗೂ ಅಷ್ಟೇ. ನಿಜವಾದ ಫ್ರೆಡರಿಕ್ ಹಿಂದೆ ಸರಿದು ಗೆಬ್ಯೂರ್ ಮುಂದೆ ಬಂದ.

ಹಿಂದೆ ಸರಿದವನು ಯಾರು ಅಂತ ನೋಡಿದ್ರೆ ತಮಾಷೆ. ರಾಷ್ಟ್ರೀಯವಾದಿಗಳ ಈ ‘ಮಹಾ ಜರ್ಮನ್’ಗೆ ಜರ್ಮನ್ ಭಾಷೆ ಅಂದ್ರೆ ಅಷ್ಟಕ್ಕಷ್ಟೆ. ಮಾತು, ಕವಿತೆ, ಪತ್ರ ಎಲ್ಲ ಫ್ರೆಂಚಲ್ಲಿ. ಅರಮನೆ ಹೆಸರೂ ಫ್ರೆಂಚು, ಮನೇಲಿ ಅತಿಥಿಯಾಗಿ ವೋಲ್ಟೇರ್. 1780ರಲ್ಲಿ ಜರ್ಮನ್ ಸಾಹಿತ್ಯವನ್ನ ಹಳಿದು ಒಂದು ಪ್ರಬಂಧ ಬರೆದ, ಅದೂ ಫ್ರೆಂಚಲ್ಲೇ. ಗಯಟೆ ಬರೀತಿದ್ದ ಕಾಲ ಅದು! ಅಧಿಕಾರಕ್ಕೆ ಬಂದ ವರ್ಷವೇ ವಿಚಾರಣೆಯಲ್ಲಿ ಚಿತ್ರಹಿಂಸೆಯನ್ನ ಬಹುಮಟ್ಟಿಗೆ ನಿಲ್ಲಿಸಿದ. ಮಾಕಿಯಾವೆಲ್ಲಿಯ ಕುಟಿಲ ರಾಜನೀತಿ ಖಂಡಿಸಿ ಪುಸ್ತಕ ಪ್ರಕಟಿಸಿದ್ದೂ ಅದೇ 1740ರಲ್ಲಿ. ಡಿಸೆಂಬರ್‌ನಲ್ಲಿ ಪಕ್ಕದ ಸೈಲೀಷಿಯಾಕ್ಕೆ ನುಗ್ಗಿದ! ಎಲ್ಲ ಧರ್ಮದವರೂ ಬನ್ನಿ ಅಂದವನೇ 1750ರಲ್ಲಿ ಯಹೂದಿಗಳ ಮೇಲೆ ಬಿಗಿ ಕಟ್ಟಳೆ ಹೊರಡಿಸಿದ. 1772ರಲ್ಲಿ ಪೋಲೆಂಡನ್ನ ಮೂರು ರಾಜ್ಯಗಳು ಹಂಚಿಕೊಂಡಾಗ ಒಂದು ಪಾಲು ಇವನದು. ಇಂಥವನನ್ನ ಒಂದೇ ಬಣ್ಣದಲ್ಲಿ ಬಳಿಯೋಕೆ ಆಗಲ್ಲ.

ಅವನ ಏಳು ವರ್ಷಗಳ ಯುದ್ಧದ ಒಂದು ಕೊನೆ ನಮ್ಮ ಕಡೆಗೂ ಬಂದಿದೆ. ಇಂಗ್ಲಿಷರು ಅವನ ಜೊತೆ, ಫ್ರೆಂಚರು ಎದುರು. ಅದೇ ಜಗಳದ ನಿರ್ಣಾಯಕ ಕಾಳಗ ಇಲ್ಲಿ 1760ರಲ್ಲಿ ವಂದವಾಸಿಯಲ್ಲಿ ನಡೀತು, ಫ್ರೆಂಚರು ಸೋತರು. ಚೆನ್ನೈನಲ್ಲಿರೋರಿಗೆ ಒಂದು ದಿನದ ಡ್ರೈವ್ ಅಷ್ಟೆ.

ಅಲ್ಲಿ ಮಾತ್ರ ಅವನು 1759ರಲ್ಲಿ ಕುನರ್ಸ್‌ಡಾರ್ಫ್‌ನಲ್ಲಿ ನೆಲಕಚ್ಚಿದ್ದ. ಶತ್ರುಗಳು ಬರ್ಲಿನ್‌ಗೆ ನುಗ್ಗಬಹುದಿತ್ತು, ನುಗ್ಗಲಿಲ್ಲ. ಇದನ್ನ ಅವನೇ ‘ಪವಾಡ’ ಅಂತ ಕರೆದ. 1762ರ ಜನವರಿಯಲ್ಲಿ ರಷ್ಯಾದ ರಾಣಿ ಎಲಿಜಬೆತ್ ತೀರಿಕೊಂಡು, ಹೊಸ ಝಾರ್ ಸಂಧಿ ಮಾಡಿಕೊಂಡ. ಜನರ ನೆನಪಲ್ಲಿ ಆ ಪವಾಡ ಈ ಸಾವಿಗೇ ಅಂಟಿಕೊಂಡಿತು. ಕೈಬಿಡದೆ ನಿಂತರೆ ಕೊನೇ ಗಳಿಗೆಯಲ್ಲಿ ಏನೋ ಆಗುತ್ತೆ ಅನ್ನೋ ಈ ನಂಬಿಕೆ ಮುಂದೆ ಎಷ್ಟು ಜೀವ ತಿಂತು ನೋಡಿ.

1933ರ ಆರಂಭದಲ್ಲಿ, ಹಿಟ್ಲರ್ ಅಧಿಕಾರಕ್ಕೆ ಬಂದ ಹೊಸತರಲ್ಲೇ, ಗೆಬ್ಯೂರ್‌ನ ಮತ್ತೊಂದು ಫ್ರೆಡರಿಕ್ ಚಿತ್ರ ತೆರೆ ಕಂಡಿತು. ಮಾರ್ಚ್ 21ಕ್ಕೆ ಹಿಟ್ಲರ್ ಪಾಟ್ಸ್‌ಡಾಮ್‌ನ ಗ್ಯಾರಿಸನ್ ಚರ್ಚಿನಲ್ಲಿ, ಫ್ರೆಡರಿಕ್‌ನ ಶವಪೆಟ್ಟಿಗೆ ಇದ್ದ ಕಡೆ, ಸಮಾರಂಭ ನಡೆಸಿದ. 1942ರಲ್ಲಿ ‘ಮಹಾರಾಜ’ ಅನ್ನೋ ಚಿತ್ರ, ಸರ್ಕಾರದ ಪೂರ್ಣ ಬೆಂಬಲದಲ್ಲಿ. ಕುನರ್ಸ್‌ಡಾರ್ಫ್ ಸೋಲಿಂದಲೇ ಶುರು. ನಟ ಮತ್ತೆ ಗೆಬ್ಯೂರ್, ಈಗ 64. 1945ರ ಏಪ್ರಿಲ್‌ನಲ್ಲಿ ಬರ್ಲಿನ್ ನೆಲಮಾಳಿಗೆಯಲ್ಲಿ ಹಿಟ್ಲರ್‌ನ ಗೋಡೆ ಮೇಲಿದ್ದದ್ದು ಫ್ರೆಡರಿಕ್ ಭಾವಚಿತ್ರ. ಗೊಬೆಲ್ಸ್ ಅವನಿಗೆ ಕಾರ್ಲೈಲ್ ಬರೆದ ಫ್ರೆಡರಿಕ್ ಚರಿತ್ರೆ ಓದಿ ಹೇಳ್ತಿದ್ದ. 12ರಂದು ರೂಸ್‌ವೆಲ್ಟ್ ಸತ್ತ ಸುದ್ದಿ ಬಂದಾಗ, ಇಗೋ ನಮ್ಮ ರಾಣಿ ಸತ್ತಳು ಅಂತ ಕುಣಿದಾಡಿದರು. ಹೊರಗೆ ಶಾಲಾ ಹುಡುಗರ ಕೈಗೆ ಕೋವಿ ಕೊಟ್ಟು ಸಾಯಿಸ್ತಾ ಇದ್ದರು. ಏಪ್ರಿಲ್ 30ಕ್ಕೆ ಹಿಟ್ಲರ್ ಗುಂಡು ಹೊಡ್ಕೊಂಡ.

ಕಾಟ್ಟೆ ಸತ್ತ ಕ್ಯೂಸ್ಟ್ರಿನ್ ಕೋಟೆಯನ್ನ ಕೊನೆಯ ಸಿಪಾಯಿವರೆಗೂ ಕಾಪಾಡಿ ಅಂತ ಆಜ್ಞೆ ಇತ್ತು. ಊರು ಪುಡಿಯಾಯ್ತು. ಇವತ್ತು ಅದು ಪೋಲೆಂಡಿನಲ್ಲಿದೆ. ಹಳೇ ಊರಿನ ಬೀದಿಗಳು ಹಾಗೇ ಇವೆ, ಬಾಗಿಲ ಮೆಟ್ಟಿಲೂ ಇವೆ, ಮೆಟ್ಟಿಲ ಹಿಂದೆ ಮನೆಗಳು ಮಾತ್ರ ಇಲ್ಲ.

ಫ್ರೆಡರಿಕ್ ಉಯಿಲಿನಲ್ಲಿ ಕೇಳಿದ್ದು ಇಷ್ಟೇ: ಆಡಂಬರ ಬೇಡ, ಸಾನ್‌ಸುಸಿಯಲ್ಲಿ ನನ್ನ ನಾಯಿಗಳ ಪಕ್ಕ ಹೂಳಿ. 1786ರಲ್ಲಿ ಸತ್ತಾಗ ಪಟ್ಟಕ್ಕೆ ಬಂದ ತಮ್ಮನ ಮಗ ಅವನನ್ನ ಒಯ್ದು ಚರ್ಚಿನಲ್ಲಿ ಅಪ್ಪನ ಪಕ್ಕ ಮಲಗಿಸಿದ. ಯಾವ ಅಪ್ಪ ಅಂತ ಗೊತ್ತಲ್ಲ! ಯುದ್ಧದಲ್ಲಿ ಪೆಟ್ಟಿಗೆ ಉಪ್ಪಿನ ಗಣಿ ಸೇರಿತು, ಆಮೇಲೆ ಊರೂರು ಅಲೆಯಿತು. ಕೊನೆಗೆ 1991ರ ಆಗಸ್ಟ್ 17ರ ರಾತ್ರಿ ನಾಯಿಗಳ ಪಕ್ಕ ಜಾಗ ಸಿಕ್ಕಿತು. ಅವತ್ತೂ ಸೈನಿಕರ ಗೌರವ ಕಾವಲು, ಚಾನ್ಸಲರ್ ಕೋಲ್ ಹಾಜರಿ, ಅದಕ್ಕೊಂದು ವಿವಾದ.

ಆನ್‌ಸೈಟ್ ಮೇಲೆ ಆ ಕಡೆ ಹೋಗೋರಿದ್ರೆ ಒಂದು ಆಲೂಗಡ್ಡೆ ಶನಿವಾರವೇ ತಗೊಂಡಿಟ್ಕೊಳ್ಳಿ. ಭಾನುವಾರ ಎಲ್ಲೂ ಸಿಗಲ್ಲ.