ಅಣೆಕಟ್ಟು ಸುರಕ್ಷತೆ: ಗುಜರಾತಿನ ಅನುಭವ

ಅಣೆಕಟ್ಟು ಒಡೆಯದಂತೆ ಕಾಯುವುದು, ಅದರಿಂದ ಬಿಡುವ ನೀರು ನದಿಯ ಕೆಳಗಿನ ಊರುಗಳಿಗೆ ಅಪಾಯ ತರದಂತೆ ನೋಡಿಕೊಳ್ಳುವುದು, ಅಪಾಯ ಬಂದರೆ ಜನರಿಗೆ ಮೊದಲೇ ತಿಳಿಸುವುದು ಈ ಮೂರೂ ಸೇರಿದ ವ್ಯವಸ್ಥೆಗೆ ಅಣೆಕಟ್ಟು ಸುರಕ್ಷತೆ ಎಂದು ಹೆಸರು. ಭಾರತದಲ್ಲಿ ಇದರ ಪಾಠಗಳನ್ನು ಬಹಳ ದೊಡ್ಡ ಬೆಲೆ ತೆತ್ತು ಕಲಿತ ರಾಜ್ಯಗಳಲ್ಲಿ ಗುಜರಾತ್ ಒಂದು. 1979ರ ಮೋರ್ಬಿ ದುರಂತ, 2001ರ ಕಚ್ಛ್ ಭೂಕಂಪ ಮತ್ತು 2006ರ ಸೂರತ್ ಪ್ರವಾಹ ಮೂರು ಬೇರೆ ಬೇರೆ ಬಗೆಯ ಅಪಾಯಗಳನ್ನು ತೋರಿಸಿಕೊಟ್ಟವು.

ಮಚ್ಛು–2 ದುರಂತ

ಸೌರಾಷ್ಟ್ರದ ಮೋರ್ಬಿ ಪಟ್ಟಣದಿಂದ ಸುಮಾರು 5 ಕಿ.ಮೀ. ಮೇಲ್ಭಾಗದಲ್ಲಿ ಮಚ್ಛು ನದಿಗೆ ಕಟ್ಟಿದ ಎರಡನೆಯ ಅಣೆಕಟ್ಟು 1972ರಲ್ಲಿ ಪೂರ್ಣಗೊಂಡಿತು. ನಡುವೆ 18 ಗೇಟುಗಳಿದ್ದ ಕಲ್ಲುಗಾರೆಯ ಕೋಡಿ, ಎರಡೂ ಬದಿಗೆ ಉದ್ದನೆಯ ಮಣ್ಣಿನ ಏರಿ. ಸೆಕೆಂಡಿಗೆ ಸುಮಾರು 5,660 ಘನ ಮೀಟರ್ ನೀರು ಹೊರಹೋಗುವಂತೆ ಕೋಡಿಯನ್ನು ರೂಪಿಸಲಾಗಿತ್ತು. 1979ರ ಆಗಸ್ಟ್‌ನ ಭಾರಿ ಮಳೆಗೆ ಹರಿದುಬಂದ ನೀರು ಅದರ ಮೂರು ಪಟ್ಟಿನಷ್ಟಿತ್ತು.

ಆಗಸ್ಟ್ 11ರ ಮಧ್ಯಾಹ್ನ ನೀರು ಏರಿಯ ನೆತ್ತಿ ದಾಟಿತು. ನೆತ್ತಿ ದಾಟಿದ ನೀರು ಮೊದಲು ಏರಿಯ ಹೊರ ಇಳಿಜಾರಿನಲ್ಲಿ ಸಣ್ಣ ಕೊರಕಲು ತೋಡುತ್ತದೆ. ಕೊರಕಲು ಅಗಲವಾಗುತ್ತ ಹಿಂದಕ್ಕೆ ಸರಿದು ನೆತ್ತಿಯನ್ನೇ ಕತ್ತರಿಸುತ್ತದೆ. ಅಲ್ಲಿಂದ ಮುಂದೆ ಜಲಾಶಯವೇ ಆ ಬಿರುಕಿನಲ್ಲಿ ನುಗ್ಗುತ್ತದೆ. ಮಚ್ಛುವಿನಲ್ಲಿ ಎರಡೂ ಬದಿಯ ಮಣ್ಣಿನ ಏರಿ ಕೊಚ್ಚಿಹೋಯಿತು, ಕಲ್ಲಿನ ಕೋಡಿ ಮಾತ್ರ ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಮೋರ್ಬಿ ಮುಳುಗಿತು. ಮಳೆಗೆ ಸಂಪರ್ಕ ಕಡಿದುಹೋಗಿದ್ದರಿಂದ ಪಟ್ಟಣಕ್ಕೆ ಸಕಾಲದಲ್ಲಿ ಎಚ್ಚರಿಕೆ ಮುಟ್ಟಲಿಲ್ಲ. ಸತ್ತವರ ಅಂದಾಜು 1,800ರಿಂದ 25,000ದವರೆಗೆ ಇದೆ; ಎಷ್ಟು ಜನ ಹೋದರೆಂಬ ಲೆಕ್ಕವೂ ಸರಿಯಾಗಿ ಸಿಗದಷ್ಟು ದೊಡ್ಡ ಸಾವು ಅದು. ತನಿಖೆಗೆ ನೇಮಿಸಿದ ಆಯೋಗವನ್ನು ವರದಿ ಬರುವ ಮೊದಲೇ ಸರ್ಕಾರ ವಿಸರ್ಜಿಸಿತು. ಮುಂದೆ ಕೋಡಿಯ ಸಾಮರ್ಥ್ಯ ಹೆಚ್ಚಿಸಿ ಅಣೆಕಟ್ಟನ್ನು ಮತ್ತೆ ಕಟ್ಟಲಾಯಿತು.

ಭೂಕಂಪ

2001ರ ಜನವರಿ 26ರ ಭೂಕಂಪದಲ್ಲಿ ಕಚ್ಛ್‌ನ ಚಾಂಗ್, ತಪ್ಪರ್, ಶಿವಲಖಾ, ರುದ್ರಮಾತಾ ಮುಂತಾದ ಮಣ್ಣಿನ ಅಣೆಕಟ್ಟುಗಳು ಬಿರುಕುಬಿಟ್ಟು ಕುಸಿದವು. ತಳದ ಸಡಿಲ ಮಣ್ಣು ಕಂಪನಕ್ಕೆ ಬಿಗಿ ಕಳೆದುಕೊಂಡದ್ದು ಮುಖ್ಯ ಕಾರಣ. ಬರಗಾಲದಿಂದ ಜಲಾಶಯಗಳಲ್ಲಿ ಹೆಚ್ಚು ನೀರಿರಲಿಲ್ಲ. ಇದ್ದಿದ್ದರೆ ಭೂಕಂಪದ ಬೆನ್ನಿಗೇ ಪ್ರವಾಹವೂ ಬರಬಹುದಿತ್ತು.

ಉಕಾಯಿ ಮತ್ತು ಸೂರತ್

ಅಣೆಕಟ್ಟು ಗಟ್ಟಿಯಾಗಿದ್ದೂ ಊರು ಮುಳುಗಬಹುದು. ತಾಪಿ ನದಿಯ ಉಕಾಯಿ ಅಣೆಕಟ್ಟು (1972) ಸೂರತ್‌ನಿಂದ ಸುಮಾರು 100 ಕಿ.ಮೀ. ಮೇಲಿದೆ. 2006ರ ಆಗಸ್ಟ್ ಮೊದಲ ವಾರ ಜಲಾಶಯ ತುಂಬುತ್ತ ಬಂದಾಗ ಮೇಲಿನಿಂದ ಮಹಾಪೂರ ಬಂತು. ಸುಮಾರು 9 ಲಕ್ಷ ಕ್ಯೂಸೆಕ್‌ವರೆಗೆ ನೀರು ಬಿಡಬೇಕಾಯಿತು. ಸೂರತ್‌ನಲ್ಲಿ ನದಿಪಾತ್ರ ಹಿಡಿಯುವುದು ಅದರ ಅರ್ಧದಷ್ಟನ್ನು ಮಾತ್ರ. ರಾಂದೇರ್, ಅಡಾಜಣ್ ಸೇರಿ ನಗರದ ಬಹುಭಾಗ ದಿನಗಟ್ಟಲೆ ನೀರಿನಲ್ಲಿತ್ತು. ಮಳೆಗಾಲದಲ್ಲಿ ಪ್ರವಾಹಕ್ಕಾಗಿ ಜಲಾಶಯದಲ್ಲಿ ಜಾಗ ಉಳಿಸಿಕೊಳ್ಳಬೇಕೋ, ನೀರಾವರಿ ಮತ್ತು ವಿದ್ಯುತ್ತಿಗಾಗಿ ತುಂಬಿಸಿಕೊಳ್ಳಬೇಕೋ ಎಂಬ ಪ್ರಶ್ನೆ ಇಲ್ಲಿನ ತಿರುಳು. ಆ ನಂತರ ಸೂರತ್‌ಗೆ ಮೇಲಿನ ಜಲಾನಯನದ ಮಳೆ, ಒಳಹರಿವು ಗಮನಿಸಿ ಮುನ್ಸೂಚನೆ ಕೊಡುವ ವ್ಯವಸ್ಥೆ ರೂಪಿಸಲಾಯಿತು. ಸಾಬರಮತಿಯ ಧರೋಯಿ ಅಣೆಕಟ್ಟಿನ ಕೆಳಗಿರುವ ಅಹಮದಾಬಾದ್‌ಗೂ, ಅಜ್ವಾ ಸರೋವರ ಮತ್ತು ವಿಶ್ವಾಮಿತ್ರಿ ನದಿಯ ನೀರಿಗೆ ಒಡ್ಡಿಕೊಂಡ ವಡೋದರಾಕ್ಕೂ ಇದೇ ಪಾಠ ಅನ್ವಯಿಸುತ್ತದೆ; 2024ರ ಆಗಸ್ಟ್‌ನಲ್ಲಿ ವಡೋದರಾ ಮತ್ತೆ ನೀರಿನಲ್ಲಿ ನಿಂತಿತು.

ಕಾನೂನು

ದೇಶದಲ್ಲಿ 6,000ಕ್ಕೂ ಹೆಚ್ಚು ದೊಡ್ಡ ಅಣೆಕಟ್ಟುಗಳಿವೆ. ಮೋರ್ಬಿ ದುರಂತವಾಗಿ ನಾಲ್ಕು ದಶಕ ಕಳೆದ ಮೇಲೆ ಅಣೆಕಟ್ಟು ಸುರಕ್ಷತಾ ಕಾಯ್ದೆ, 2021 ಬಂತು. 15 ಮೀಟರ್‌ಗಿಂತ ಎತ್ತರದವು ಮತ್ತು ಕೆಲವು ಷರತ್ತುಗಳಿಗೆ ಒಳಪಟ್ಟ 10ರಿಂದ 15 ಮೀಟರ್‌ನವು ಇದರ ವ್ಯಾಪ್ತಿಯಲ್ಲಿವೆ. ರಾಷ್ಟ್ರೀಯ ಪ್ರಾಧಿಕಾರ, ರಾಜ್ಯಮಟ್ಟದ ಸುರಕ್ಷತಾ ಸಂಸ್ಥೆ, ಮಳೆಗಾಲಕ್ಕೆ ಮುಂಚೆ ಮತ್ತು ನಂತರ ತಪಾಸಣೆ, ಪ್ರತಿ ಅಣೆಕಟ್ಟಿಗೂ ತುರ್ತು ಕ್ರಿಯಾ ಯೋಜನೆ ಇವು ಕಡ್ಡಾಯ. ಇಂಥ ತಪಾಸಣೆಯಲ್ಲಿ ಗೇಟು, ಸರಪಳಿಗಳ ನಿಗಾ ಎಷ್ಟು ಮುಖ್ಯವೆಂಬುದು ಕರ್ನಾಟಕಕ್ಕೆ 2024ರ ಆಗಸ್ಟ್ 10ರ ರಾತ್ರಿ ತಿಳಿಯಿತು. ಅಂದು ತುಂಗಭದ್ರಾ ಜಲಾಶಯದ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಒಂದು ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಬೇಕಾಯಿತು.

ಜನಜಾಗೃತಿ

ಏರಿಯ ಬುಡದಲ್ಲಿ ಜಿನುಗುವ ನೀರು ತಿಳಿಯಾಗಿದ್ದು ಒಂದೇ ಪ್ರಮಾಣದಲ್ಲಿದ್ದರೆ ಅಷ್ಟು ಆತಂಕವಿಲ್ಲ. ಅದು ಕದಡಿದ ಬಣ್ಣಕ್ಕೆ ತಿರುಗಿದರೆ ಏರಿಯ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದೇ ಅರ್ಥ. ಹೊಸ ಬಿರುಕು, ಇಳಿಜಾರಿನ ಕುಸಿತ, ಇಲಿ–ಹೆಗ್ಗಣಗಳ ಬಿಲ, ಏರಿಯ ಮೇಲೆ ಬೆಳೆದ ಮರ ಇವೂ ಎಚ್ಚರಿಕೆಯ ಗುರುತುಗಳು. ಇವನ್ನು ಇಂಜಿನಿಯರ್‌ಗಿಂತ ಮೊದಲು ನೋಡುವವರು ಅಲ್ಲಿ ದನ ಮೇಯಿಸುವವರು, ಮೀನು ಹಿಡಿಯುವವರು. ಅವರ ಮಾತು ಕೇಳಿಸಿಕೊಳ್ಳುವ ವ್ಯವಸ್ಥೆ ಪ್ರತಿ ಅಣೆಕಟ್ಟಿನಲ್ಲೂ ಇರಬೇಕು. ನೀರು ಎಲ್ಲಿಯವರೆಗೆ ಏರಬಹುದೆಂಬ ಮುಳುಗಡೆ ನಕ್ಷೆ, ಸೈರನ್ ಮೊಳಗಿದರೆ ಓಡಬೇಕಾದ ಎತ್ತರದ ಜಾಗ ಇವು ಕಚೇರಿಯ ಕಡತದಲ್ಲಿ ಉಳಿದರೆ ಪ್ರಯೋಜನವಿಲ್ಲ. ನದಿಯ ಕೆಳಗಿನ ಪ್ರತಿ ಗ್ರಾಮ ಪಂಚಾಯಿತಿ ಮತ್ತು ಪುರಸಭೆ ತನ್ನ ಅಣೆಕಟ್ಟಿನ ತುರ್ತು ಯೋಜನೆಯನ್ನು ಕೇಳಿ ಪಡೆದು, ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಜನರೊಂದಿಗೆ ಒಮ್ಮೆಯಾದರೂ ಅಭ್ಯಾಸ ನಡೆಸಬೇಕು.